ಎರಡು ಪದಕ್ಕೆ ಕತ್ತರಿ, ಚಿತ್ರಕ್ಕೆ ಮುಖಪುಟ

1968ರಲ್ಲಿ ಅಮೆರಿಕದ ಕೊಲಂಬಿಯಾ ರೆಕಾರ್ಡ್ಸ್ ಕಂಪನಿಗೆ ಮಾನಮರ್ಯಾದೆಯ ಚಿಂತೆ ಹತ್ತಿತು. ಗಾಯಕಿ ಜಾನಿಸ್ ಜಾಪ್ಲಿನ್ ಹಾಡುತ್ತಿದ್ದ ರಾಕ್ ತಂಡ ತನ್ನ ಹೊಸ ಆಲ್ಬಮ್ಮಿಗೆ ‘ಸೆಕ್ಸ್, ಡೋಪ್ ಅಂಡ್ ಚೀಪ್ ಥ್ರಿಲ್ಸ್’ ಎಂದು ಹೆಸರಿಡಲು ಹೊರಟಿತ್ತು. ಸೆಕ್ಸೂ ಬೇಡ, ಡೋಪೂ ಬೇಡ ಎಂದು ಕಂಪನಿ ಕತ್ತರಿ ಹಾಕಿತು. ‘ಚೀಪ್ ಥ್ರಿಲ್ಸ್’ ಮಾತ್ರ ಉಳಿಯಿತು. ತಂಡದವರೆಲ್ಲ ಬೆತ್ತಲೆಯಾಗಿ ಒಂದೇ ಹಾಸಿಗೆಯಲ್ಲಿರುವ ಫೋಟೊ ಮುಖಪುಟಕ್ಕೆ ಬೇಕೆಂದಾಗ ಅದಕ್ಕೂ ಒಪ್ಪಲಿಲ್ಲ. ಸಂಸಾರವಂತರ ಮನೆಗೆ ಹೋಗುವ ಸರಕಲ್ಲವೇ!

ಬದಲಿಗೆ ಬಂದದ್ದು ರಾಬರ್ಟ್ ಕ್ರಂಬ್ ಬರೆದ ಚಿತ್ರ. ದೊಡ್ಡ ಪ್ರಕಾಶಕರ ಹಂಗಿಲ್ಲದೆ ಹೊರಬರುತ್ತಿದ್ದ ‘ಭೂಗತ’ ಕಾಮಿಕ್ಸಿನ ಚಿತ್ರಕಾರ ಈತ. ಹಾಡಿಗೊಂದು ಚೌಕ. ‘ಸಮರ್‌ಟೈಮ್’ ಹಾಡಿನ ಚೌಕದಲ್ಲಿ ದಪ್ಪ ತುಟಿಯ, ಗುಡ್ಡೆಗಣ್ಣಿನ ಕಪ್ಪು ದಾದಿ. ಅವಳ ಕೈಯಲ್ಲಿ ಕಿರುಚುವ ಬಿಳಿ ಮಗು. ಇದಕ್ಕೆ ಕತ್ತರಿ ಏಳಲಿಲ್ಲ. ಹಿಂಬದಿಗೆಂದು ಬರೆದ ಚಿತ್ರ ಜಾಪ್ಲಿನ್‌ಗೆ ಹಿಡಿಸಿ ಮುಂಬದಿಗೇ ಬಂತು. ಹೆಲ್ಸ್ ಏಂಜೆಲ್ಸ್ ಎಂಬ ಮೋಟಾರ್ ಸೈಕಲ್ ಪಡೆಯ ಒಪ್ಪಿಗೆ ಮುದ್ರೆಯೂ ಅದರ ಮೇಲಿದೆ. ಒಟ್ಟಿನಲ್ಲಿ ಪರಿಶೀಲನೆ ಆಗಿಲ್ಲ ಎನ್ನುವಂತಿಲ್ಲ.

ಆ ಕಾಲದ ಬಂಡಾಯಗಾರರನ್ನು ಮೆಚ್ಚಲೇಬೇಕು. ಅಪ್ಪನ ಕ್ಷೌರ, ಅಪ್ಪನ ಯುದ್ಧ, ಅಪ್ಪನ ಮದುವೆ, ಅಪ್ಪನ ದೇವರು, ಎಲ್ಲವನ್ನೂ ಬೀದಿಗೆಸೆದರು. ಆದರೆ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪುಜನರನ್ನು ಅಣಕಿಸಿ ಕುಣಿದ ಮಿನ್‌ಸ್ಟ್ರೆಲ್ ನಾಟಕದ ಕಾಲದ ಅಜ್ಜನ ಮನೆಯಿಂದ ಬಂದ ಈ ದಾದಿಯನ್ನು ಮಾತ್ರ ಪಿತ್ರಾರ್ಜಿತ ಆಸ್ತಿಯಂತೆ ಜೋಪಾನ ಮಾಡಿದರು. ಅದೇ ವರ್ಷ ‘ಜ್ಯಾಪ್ ಕಾಮಿಕ್ಸ್’ನ ಎರಡನೆಯ ಸಂಚಿಕೆಯಲ್ಲಿ ಕ್ರಂಬ್‌ನ ಏಂಜಲ್‌ಫುಡ್ ಮೆಕ್‌ಸ್ಪೇಡ್ ಎಂಬ ಅರೆಬೆತ್ತಲೆ ಆಫ್ರಿಕನ್ ಹೆಣ್ಣೂ ಬಂದಳು. ವ್ಯವಸ್ಥೆಯ ವಿರುದ್ಧ ಹೋರಾಟವಂತೆ! ವ್ಯವಸ್ಥೆಗೆ ಇದರಿಂದ ಏನು ನೋವಾಯಿತೋ.

ಆಲ್ಬಮ್ಮಿನ ಕೊನೆಯ ಹಾಡು ‘ಬಾಲ್ ಅಂಡ್ ಚೈನ್’. ಅದನ್ನು ಕಟ್ಟಿದವರು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಗಾಯಕಿ. ಕಪ್ಪು ಹೆಣ್ಣಿನ ಹಾಡು ಒಳಗೆ, ಕಪ್ಪು ಹೆಣ್ಣಿನ ಅಣಕ ಹೊರಗೆ. ಲಕೋಟೆ ಮತ್ತು ಪತ್ರ ಬೇರೆ ಬೇರೆ ವಿಳಾಸದವು. ನ್ಯಾಯವಾಗಿ ಹೇಳಬೇಕೆಂದರೆ, ಕಪ್ಪುಜನರ ಬ್ಲೂಸ್ ಸಂಗೀತದ ಗಾಯಕಿ ಬೆಸ್ಸಿ ಸ್ಮಿತ್ ಅವರ ಸಮಾಧಿಗೆ 1970ರಲ್ಲಿ ಕಲ್ಲು ಹಾಕಿಸಲು ಹಣ ಕೊಟ್ಟವರಲ್ಲಿ ಇದೇ ಜಾಪ್ಲಿನ್ ಒಬ್ಬರು. ಬೆಸ್ಸಿ ತೀರಿಕೊಂಡದ್ದು 1937ರಲ್ಲಿ. ಅವರ ರೆಕಾರ್ಡುಗಳನ್ನು ಮಾರಿದ ಕಂಪನಿ ಯಾವುದು? ಮಾನವಂತ ಕೊಲಂಬಿಯಾವೇ. ಅದರ ಕಣ್ಣಿಗೆ ಮೂವತ್ತಮೂರು ವರ್ಷ ಆ ಕಲ್ಲಿಲ್ಲದ ಸಮಾಧಿ ಅಶ್ಲೀಲವಾಗಿ ಕಾಣಲಿಲ್ಲ.

ಅದು ಕ್ರಂಬ್‌ನ ಶೈಲಿ, ಅವನ ಕೈಯೇ ಹಾಗೆ ಎನ್ನುವ ವಕೀಲರು ಇನ್ನೂ ಇದ್ದಾರೆ. ಆದರೆ 1980ರಲ್ಲಿ ಅದೇ ಕೈ ಹಳೆಯ ಬ್ಲೂಸ್ ಗಾಯಕರ 36 ಚಿತ್ರಕಾರ್ಡುಗಳನ್ನು ಬರೆಯಿತು. ಒಬ್ಬೊಬ್ಬರಿಗೂ ಅವರದೇ ಮೂಗು, ಅವರದೇ ದಣಿವು, ಅವರದೇ ಗತ್ತು. ಅಂದರೆ ಆ ಕೈಗೆ ಮುಖ ಬರೆಯಲು ಬರುತ್ತಿತ್ತು.

ಉಳಿದಿರುವುದು ಕೊನೆಯ ವಾದ: ಅದು ವ್ಯಂಗ್ಯ, ನಿಮಗೆ ಅರ್ಥವಾಗಲಿಲ್ಲ. ಇರಬಹುದು. 1993ರಲ್ಲಿ ಕ್ರಂಬ್ ಕಪ್ಪುಜನರನ್ನೂ ಯಹೂದಿಗಳನ್ನೂ ಕುರಿತ ಜನಾಂಗದ್ವೇಷವನ್ನು ಅಣಕಿಸುತ್ತೇನೆಂದು ಎರಡು ಚಿತ್ರಕಥೆ ಪ್ರಕಟಿಸಿದ. ಬಿಳಿಯರೇ ಶ್ರೇಷ್ಠರೆನ್ನುವ ಗುಂಪಿನವರು ಅವನ್ನು ಎತ್ತಿಕೊಂಡು ಹೋಗಿ ತಮ್ಮ ಪತ್ರಿಕೆಯಲ್ಲಿ ಮರುಮುದ್ರಿಸಿದರು. ಅವರು ಒಂದು ಗೆರೆಯನ್ನೂ ತಿದ್ದಬೇಕಾಗಿರಲಿಲ್ಲ.