ಗೋವಿಂದ ಪೈ ಸಿಗಲಿಲ್ಲ

ನಿನ್ನೆ ಮಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಅಂತಿಮ ವರ್ಷದ ಪ್ರಾಜೆಕ್ಟ್ ವೈವಾ ನಡೆಸಲು ಹೋಗಿದ್ದೆ. ನಿವೃತ್ತನಾದ ಮೇಲೂ ಈ ಚಾಳಿ ಬಿಟ್ಟಿಲ್ಲವೇ ಎಂದು ಕೇಳುವ ಗೆಳೆಯರಿಗೆ ನನ್ನಲ್ಲಿ ಉತ್ತರವಿಲ್ಲ. ಉಡುಪಿಯಿಂದ ಬೆಳಗಿನ ಎಕ್ಸ್‌ಪ್ರೆಸ್ ಬಸ್ಸು ಹಿಡಿದು ಹೋಗಿ, ಮಕ್ಕಳನ್ನು ನಾಲ್ಕು ಪ್ರಶ್ನೆ ಕೇಳಿ, ಕಾಲೇಜಿನವರು ಹಾಕಿದ ಊಟ ಉಂಡು ಮರಳುವುದರಲ್ಲಿ ನನಗೊಂದು ಸುಖವಿದೆ. ನಿನ್ನೆ ಆ ಸುಖ ಕೈಕೊಟ್ಟಿತು.

ನಾಲ್ವರ ಒಂದು ತಂಡ ಕರಾವಳಿಯ ಕನ್ನಡ ಪುಸ್ತಕಗಳಿಗಾಗಿ ಡಿಜಿಟಲ್ ಗ್ರಂಥಾಲಯವೊಂದನ್ನು ಕಟ್ಟಿತ್ತು. ವಿಷಯ ಕೇಳಿದೊಡನೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಮುಖಪುಟ ಸೊಗಸಾಗಿತ್ತು, ಲಾಗಿನ್ ಇತ್ತು, ಯಾವ ತಿಂಗಳು ಎಷ್ಟು ಮಂದಿ ಬಂದರು ಎಂದು ತೋರಿಸುವ ಬಣ್ಣದ ಚಕ್ರವೂ ಇತ್ತು. ನಾನು ಹುಡುಕುವ ಜಾಗದಲ್ಲಿ 'ಗೋವಿಂದ ಪೈ' ಎಂದು ಟೈಪಿಸಿದೆ. ಫಲಿತಾಂಶ ಶೂನ್ಯ. ಪೂರ್ತಿ ಪಟ್ಟಿಯನ್ನು ತೆರೆಸಿ ನೋಡಿದರೆ ಹನ್ನೊಂದನೆಯ ಸಾಲಿನಲ್ಲಿ ಗೋವಿಂದ ಪೈಗಳು ಸುಮ್ಮನೆ ಕುಳಿತಿದ್ದರು. ಮಂಜೇಶ್ವರದ ಕವಿ ಮಂಗಳೂರಿನಲ್ಲಿ ಸಿಗಲಿಲ್ಲ ಎಂದರೆ ಇನ್ನೆಲ್ಲಿ ಸಿಗಬೇಕು?

ಕಾರಣ ಸರಳವಾಗಿತ್ತು. ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆಯಾದ ಯುನಿಕೋಡ್‌ನಲ್ಲಿ 'ಗೋ' ಎಂಬ ಅಕ್ಷರವನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆದಿಡಬಹುದು. ಗಕಾರದ ಮುಂದೆ ಓತ್ವದ ಒಂದೇ ಸಂಕೇತವನ್ನು ಇಡಬಹುದು. ಒತ್ವವನ್ನೂ ದೀರ್ಘವನ್ನೂ ಬೇರೆ ಬೇರೆಯಾಗಿ ಇಡಬಹುದು. ಎತ್ವ, ಕೊಂಬಿನ ದೀರ್ಘ ಮತ್ತು ಮೇಲೊಂದು ದೀರ್ಘ ಎಂದು ಮೂರು ತುಂಡುಗಳನ್ನಾಗಿಯೂ ಇಡಬಹುದು. ಕಣ್ಣಿಗೆ ಎಲ್ಲವೂ ಒಂದೇ ಗೋ, ಯಂತ್ರಕ್ಕೆ ಮೂರು ಬೇರೆ ಬೇರೆ ಸಾಲುಗಳು. ಮಕ್ಕಳು ಯಾರಿಂದಲೋ ಹಳೆಯ ಫಾಂಟಿನ ಕಡತಗಳನ್ನು ಪಡೆದು ಯುನಿಕೋಡ್‌ಗೆ ಪರಿವರ್ತಿಸಿದ್ದರು. ಆ ಫಾಂಟುಗಳಲ್ಲಿ ಅಕ್ಷರವನ್ನು ತುಂಡು ತುಂಡಾಗಿ ಜೋಡಿಸುವ ಪದ್ಧತಿ ಇದ್ದುದರಿಂದ ಪರಿವರ್ತಕವೂ ಆ ತುಂಡುಗಳನ್ನು ಹಾಗೆಯೇ ದಾಟಿಸಿತ್ತು. ನಾನು ಟೈಪಿಸಿದ್ದು ಇಡೀ ಗೋ, ಅವರ ಸಂಗ್ರಹದಲ್ಲಿ ಇದ್ದದ್ದು ಬಿಡಿಭಾಗಗಳ ಗೋ. ಎರಡನ್ನೂ ಒಂದೇ ರೂಪಕ್ಕೆ ತರುವ ಕ್ರಿಯೆಗೆ ನಾರ್ಮಲೈಸೇಶನ್ ಎಂದು ಹೆಸರು. ಪ್ರೋಗ್ರಾಮಿನಲ್ಲಿ ಅದು ಒಂದು ಸಾಲಿನ ಕೆಲಸ. ಡೇಟಾಬೇಸ್ ಕೋಷ್ಟಕಗಳ ನಾರ್ಮಲ್ ಫಾರ್ಮ್‌ಗಳನ್ನು ಉಸಿರು ಬಿಡದೆ ಒಪ್ಪಿಸಿದ ಹುಡುಗಿಗೆ, ಅಕ್ಷರಗಳಿಗೂ ನಾರ್ಮಲೈಸೇಶನ್ ಇದೆ ಎಂದು ಎಂಟು ಸೆಮಿಸ್ಟರುಗಳಲ್ಲಿ ಯಾರೂ ಹೇಳಿರಲಿಲ್ಲ.

ನನ್ನ ಸಿಟ್ಟು ಆ ಹುಡುಗಿಯ ಮೇಲಲ್ಲ, ಯಾರೂ ಹೇಳಿರಲಿಲ್ಲ ಎಂಬುದರ ಮೇಲೆ.

ಮುದ್ದಣ ಎಂದು ಹುಡುಕಿದವನಿಗೆ ನಂದಳಿಕೆ ಲಕ್ಷ್ಮೀನಾರಣಪ್ಪನವರ ಹೆಸರಿನಲ್ಲಿರುವ ಪುಸ್ತಕ ಸಿಗುತ್ತದೆಯೇ ಎಂದು ಆಮೇಲೆ ಕೇಳಿದೆ. "ಅವರು ಬೇರೆ ಬೇರೆ ಅಲ್ವಾ ಸಾರ್?" ಎಂದ ಒಬ್ಬ. ಉಡುಪಿಯಲ್ಲಿ ಮೇಷ್ಟರಾಗಿದ್ದುಕೊಂಡು ತನ್ನ ಹೆಸರನ್ನು ತಾನೇ ಮರೆಸಿಟ್ಟ ಆ ಕವಿ ಇದನ್ನು ಕೇಳಿದ್ದರೆ ಗೆದ್ದೆನೆಂದು ನಗುತ್ತಿದ್ದರೇನೋ. ಒಬ್ಬ ಲೇಖಕನ ಎಲ್ಲ ಹೆಸರುಗಳನ್ನೂ ಒಂದು ಗುರುತಿಗೆ ಕಟ್ಟಿಹಾಕುವುದು ಗ್ರಂಥಪಾಲಕರು ಕಾರ್ಡುಗಳ ಕಾಲದಿಂದ ಮಾಡಿಕೊಂಡು ಬಂದಿರುವ ಕೆಲಸ. ನಮ್ಮ ಗಣಕವಿಜ್ಞಾನದ ಮಕ್ಕಳ ಕಿವಿಗೆ ಅದು ಬೀಳುವುದೇ ಇಲ್ಲ. ಹತ್ತು ವರ್ಷಗಳ ಮೇಲೆ ಈ ಪುಸ್ತಕಗಳೆಲ್ಲ ಎಲ್ಲಿರುತ್ತವೆ ಎಂದು ಕೊನೆಗೆ ಕೇಳಿದ್ದಕ್ಕೆ "ಕ್ಲೌಡ್‌ನಲ್ಲಿ ಸಾರ್" ಎಂಬ ಉತ್ತರ ಬಂತು. ಕಿಟಕಿಯ ಹೊರಗೆ ಜೂನ್ ತಿಂಗಳ ಅಸಲಿ ಮೋಡ ಕವಿದಿತ್ತು. ಆ ಕ್ಲೌಡ್‌ನ ಉಚಿತ ಅವಧಿ ಮುಗಿದರೆ ಹಣ ಕಟ್ಟುವವರು ಯಾರು, ಕಡತ ಕೆಟ್ಟಿಲ್ಲವೆಂದು ವರ್ಷಕ್ಕೊಮ್ಮೆ ತಾಳೆ ನೋಡುವವರು ಯಾರು, ಇಂದಿನ ಪಿಡಿಎಫ್ ನಾಳೆ ತೆರೆಯದಿದ್ದರೆ ಗತಿಯೇನು ಎಂದು ಇನ್ನೂ ಕೇಳಬೇಕೆಂದಿದ್ದೆ. ಮಕ್ಕಳ ಮುಖ ನೋಡಿ ಸುಮ್ಮನಾದೆ.

ಡಿಜಿಟಲ್ ಗ್ರಂಥಾಲಯವೆಂದರೆ ನಮ್ಮ ಕಾಲೇಜುಗಳಲ್ಲಿ ಏನೆಂದು ನಿಮಗೂ ಗೊತ್ತು: ಎಸಿ ಹಾಕಿದ ಒಂದು ಕೊಠಡಿ, ಹತ್ತು ಕಂಪ್ಯೂಟರ್, ಬಾಗಿಲ ಮೇಲೊಂದು ಫಲಕ, ಬಾಗಿಲ ಬುಡದಲ್ಲಿ 'ಚಪ್ಪಲಿ ಹೊರಗೆ ಬಿಡಿ'. ತಪಾಸಣಾ ಸಮಿತಿ ಬಂದಾಗ ದೀಪ ಹತ್ತುತ್ತದೆ. ಅದೊಂದು ಅಧ್ಯಯನದ ವಿಷಯ, ಅದಕ್ಕೂ ಸಿದ್ಧಾಂತವಿದೆ ಎಂದರೆ ವಿಭಾಗದ ಸಭೆಗಳಲ್ಲಿ ಈಗಲೂ ನಗುತ್ತಾರೆ. ಹಾಗೆ ನಗುವವರು ದಿನಕ್ಕೆ ನೂರು ಸಲ ಬಳಸುವ ಗೂಗಲ್ ಹುಟ್ಟಿದ್ದು ಇದೇ ವಿಷಯದ ತೊಟ್ಟಿಲಿನಲ್ಲಿ. 1994ರಲ್ಲಿ ಅಮೆರಿಕ ಸರ್ಕಾರದ ವಿಜ್ಞಾನ ಸಂಸ್ಥೆಗಳು ಕೂಡಿ ಆರು ವಿಶ್ವವಿದ್ಯಾಲಯಗಳಿಗೆ ಡಿಜಿಟಲ್ ಗ್ರಂಥಾಲಯಗಳ ಸಂಶೋಧನೆಗೆ ಹಣ ಕೊಟ್ಟವು. ಅವುಗಳಲ್ಲಿ ಸ್ಟ್ಯಾನ್‌ಫರ್ಡ್ ಒಂದು. ಆ ಯೋಜನೆಯ ನೆರಳಿನಲ್ಲಿಯೇ, ಮುಂದೆ ಗೂಗಲ್ ಕಟ್ಟಿದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಕೆಲಸ ಮಾಡಿದ್ದರು. ವರ್ಜೀನಿಯಾ ಟೆಕ್‌ನ ಗಣಕವಿಜ್ಞಾನದವರು ಇದಕ್ಕೊಂದು ಗಣಿತದ ಚೌಕಟ್ಟನ್ನೇ ಕಟ್ಟಿ, ಇಂಥ ಗ್ರಂಥಾಲಯವನ್ನು ಹರಿವು (ಅಕ್ಷರ, ಚಿತ್ರ, ಧ್ವನಿಗಳ ಸಾಲು), ರಚನೆ (ಅವನ್ನು ಜೋಡಿಸಿದ ಬಗೆ), ಅವಕಾಶ (ಹುಡುಕಾಟ, ಪ್ರದರ್ಶನ ನಡೆಯುವ ಜಾಗ), ಸನ್ನಿವೇಶ (ಬಳಕೆಯ ಕ್ರಮ), ಸಮಾಜ (ಬಳಸುವವರು) ಎಂಬ ಐದು ಅಂಶಗಳಲ್ಲಿ ವಿವರಿಸಿದರು; ನಾರ್ತ್ ಕೆರೊಲಿನಾದ ಗ್ರಂಥಾಲಯ ವಿಜ್ಞಾನದವರೊಡನೆ ಕುಳಿತು ಪಠ್ಯಕ್ರಮವನ್ನೂ ಸಿದ್ಧಪಡಿಸಿದರು. ನಿನ್ನೆಯ ಪ್ರಾಜೆಕ್ಟಿನಲ್ಲಿ ಆ ಐದರಲ್ಲಿ ಮೊದಲ ಎರಡು ಅರೆಬರೆಯಾಗಿ ಇದ್ದವು. ಕೊನೆಯದು, ಅಂದರೆ ಪುಸ್ತಕ ಹುಡುಕಿಕೊಂಡು ಬರುವ ಮನುಷ್ಯ, ಇರಲೇ ಇಲ್ಲ.

ಅಮೆರಿಕದ ಮಾತು ಯಾಕೆ ಎನ್ನುವವರಿಗೆ ಊರಿನದೇ ಒಂದು ಸಂಗತಿ ಹೇಳುತ್ತೇನೆ. ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು 1931ರಲ್ಲಿ ಕೊಟ್ಟ ಎಸ್. ಆರ್. ರಂಗನಾಥನ್ ಮೊದಲಿಗೆ ಗಣಿತದ ಅಧ್ಯಾಪಕರು, ಮತ್ತು 1917ರಲ್ಲಿ ಅವರು ಪಾಠ ಹೇಳಲು ಆರಂಭಿಸಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ, ಅಂದರೆ ಇಂದಿನ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿನಲ್ಲಿ. ಒಂದು ಪುಸ್ತಕವನ್ನು ಹಲವು ಮುಖಗಳಿಂದ ಒಡೆದು ನೋಡುವ ಅವರ ಕೋಲನ್ ವರ್ಗೀಕರಣದ ಯೋಚನೆಯೇ ಇಂದು ಅಂಗಡಿ ಆ್ಯಪ್‌ಗಳಲ್ಲಿ ಬೆಲೆ, ಬಣ್ಣ, ಅಳತೆ ಎಂದು ಸೋಸುವಾಗ ನಮ್ಮ ಬೆರಳ ತುದಿಯಲ್ಲಿ ಓಡಾಡುತ್ತದೆ. ಗಣಿತದವನು ಗ್ರಂಥಾಲಯಕ್ಕೆ ಹೋದದ್ದರಿಂದ ಒಂದು ಶಾಸ್ತ್ರವೇ ಬೆಳೆಯಿತು. ನಮ್ಮ ಗಣಕದವರು ಗ್ರಂಥಾಲಯಕ್ಕೆ ಹೋಗುವುದು ನೋ ಡ್ಯೂ ಸಹಿಗೆ.

ಊಟದ ಹೊತ್ತಿನಲ್ಲಿ ವಿಭಾಗದ ಯುವ ಅಧ್ಯಾಪಕರೊಬ್ಬರೊಡನೆ ಈ ಮಾತು ಬಂತು. ಅವರ ವಾದ ಇಷ್ಟು: ಅದು ಲೈಬ್ರರಿ ಸೈನ್ಸ್‌ನವರ ಕೆಲಸ, ಸಿಲೆಬಸ್‌ನಲ್ಲಿ ಉಸಿರಾಡಲೂ ಜಾಗವಿಲ್ಲ, ಪ್ಲೇಸ್‌ಮೆಂಟ್‌ಗೆ ಬರುವ ಕಂಪನಿ ಕೇಳುವುದು ಎಐ. ಜಾಗದ ಮಾತು ಒಪ್ಪಬಹುದು. ನಾನೂ ಆ ಜಗಳಗಳನ್ನು ಆಡಿದವನೇ. ಉಳಿದೆರಡು ನನಗೆ ಹಿಡಿಸಲಿಲ್ಲ. ಲೈಬ್ರರಿ ಸೈನ್ಸ್‌ನ ಮಕ್ಕಳಿಗೆ ಡಿ-ಸ್ಪೇಸ್ ಎಂಬ ಡಿಜಿಟಲ್ ಗ್ರಂಥಾಲಯದ ತಂತ್ರಾಂಶ ಇನ್‌ಸ್ಟಾಲ್ ಮಾಡುವುದನ್ನೂ ಪುಸ್ತಕದ ವಿವರ ದಾಖಲಿಸುವ ಡಬ್ಲಿನ್ ಕೋರ್‌ನ ಹದಿನೈದು ಅಂಶಗಳನ್ನು ತುಂಬುವುದನ್ನೂ ಕಲಿಸುತ್ತಾರೆ, ಆದರೆ ಗೋ ಯಾಕೆ ಸಿಗಲಿಲ್ಲ ಎಂದು ಅವರು ಒಳಗೆ ಇಳಿದು ನೋಡಲಾರರು. ಇಳಿದು ನೋಡಬಲ್ಲವರಿಗೆ ಗೋವಿಂದ ಪೈ ಯಾರೆಂಬ ಚಿಂತೆಯಿಲ್ಲ. ಇನ್ನು ಎಐ ಓದುವುದಾದರೂ ಏನನ್ನು? ಯಾರೋ ಸರಿಯಾಗಿ ಅಕ್ಷರಕ್ಕಿಳಿಸಿ, ಹೆಸರು ಹಚ್ಚಿ, ಸಿಗುವಂತೆ ಇಟ್ಟದ್ದನ್ನು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಟ ಊರು ಇದು, 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾದ ಊರು. ಓಲೆಗರಿಗಳ ತುಳು ಲಿಪಿಗೆ ಯುನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 2024ರಲ್ಲಿ. ಅದರ ಚಿತ್ರವನ್ನು ಓದಿ ಅಕ್ಷರವಾಗಿಸಬಲ್ಲ ಓಸಿಆರ್, ಹುಡುಕಬಲ್ಲ ಸೂಚಿ ಇವನ್ನೆಲ್ಲ ಯಾರೋ ಕುಳಿತು ಕಟ್ಟಬೇಕು. ಇದನ್ನೆಲ್ಲ ಹೇಳಿದಾಗ ಆ ಅಧ್ಯಾಪಕರು ವಿನಯದಿಂದ ಇನ್ನೊಂದು ಸೌಟು ಸಾರು ಬಡಿಸಿದರು.

ಇಲ್ಲಿಯವರೆಗೆ ಓದಿದವರಿಗೆ ಒಂದು ಸತ್ಯ ಹೇಳಿಬಿಡಬೇಕು. ನಾನಿದ್ದ ಕಾಲೇಜಿನಲ್ಲಿ ಡಿಜಿಟಲ್ ಗ್ರಂಥಾಲಯಗಳ ಬಗ್ಗೆ ಒಂದು ಎಲೆಕ್ಟಿವ್ ಇತ್ತು. ನಾನೇ ಒತ್ತಾಯಿಸಿ ಸೇರಿಸಿದ್ದೆ, ಎರಡು ವರ್ಷ ಕಲಿಸಿಯೂ ಇದ್ದೆ. ಮೂರನೆಯ ವರ್ಷ ಅದನ್ನು ಆಯ್ದುಕೊಂಡವರು ಆರು ಮಂದಿ. ಸಿಲೆಬಸ್ ಸಭೆಯಲ್ಲಿ ಅದನ್ನು ತೆಗೆದು ಬಿಗ್ ಡೇಟಾ ಇಡೋಣ ಎಂಬ ಸೂಚನೆ ಬಂದಾಗ, ಸಂಜೆಯ ಬಸ್ಸಿಗೆ ಹೊತ್ತಾಗಿದ್ದರಿಂದಲೋ, ಆರು ಮಂದಿಗಾಗಿ ಹೋರಾಡುವ ನಾಚಿಕೆಯಿಂದಲೋ, ನಾನೂ ಕೈ ಎತ್ತಿದೆ. ನಿನ್ನೆ ಆ ಹುಡುಗಿ ಶೂನ್ಯ ಫಲಿತಾಂಶವನ್ನು ನೋಡುತ್ತ ನಿಂತಿದ್ದಾಗ ನನಗೆ ನೆನಪಾದದ್ದು ಆ ಕೈ.

ಅದು ಯಾವ ವರ್ಷವೆಂದು ಸರಿಯಾಗಿ ಬರೆಯೋಣವೆಂದು ರಾತ್ರಿ ಕಾಲೇಜಿನ ಜಾಲತಾಣದಲ್ಲಿ ಸಭೆಯ ನಡಾವಳಿಯನ್ನು ಹುಡುಕಿದೆ. ವಿಷಯದ ಹೆಸರು ಹಾಕಿದೆ, ನನ್ನ ಹೆಸರು ಹಾಕಿದೆ, ಏನೂ ಬರಲಿಲ್ಲ. ಒಂದೊಂದೇ ಕಡತ ತೆರೆಯುತ್ತ ಹೋದ ಮೇಲೆ 'ಸ್ಕ್ಯಾನ್ 0045' ಎಂಬ ಪಿಡಿಎಫ್‌ನಲ್ಲಿ ಅದು ಸಿಕ್ಕಿತು: ಪುಟಗಳೆಲ್ಲ ಅಡ್ಡಲಾಗಿ ಮಲಗಿದ್ದವು, ದಿನಾಂಕದ ಮೇಲೆ ಕಾಲೇಜಿನ ಮೊಹರು ಬಿದ್ದಿತ್ತು, ಕೊನೆಯ ಪುಟದಲ್ಲಿ ನನ್ನ ಸಹಿ ಮಾತ್ರ ಸ್ಪಷ್ಟವಾಗಿತ್ತು.