ಆ ಗೆರೆ ಅಳಿಸಬೇಡಿ

ಊರಿಗೆ ಹೋಗಿ ಈಗಷ್ಟೇ ಕಲಬುರಗಿಗೆ ವಾಪಸ್ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಊರ ಶಾಲೆಗೆ ಹೊಸ ಬಣ್ಣ ಹೊಡೆದಿದ್ದಾರೆ. 2020ರ ಅಕ್ಟೋಬರ್‌ನಲ್ಲಿ ಭೀಮೆಯ ನೀರು ಎಲ್ಲಿವರೆಗೆ ನಿಂತಿತ್ತು ಅಂತ ತೋರಿಸುತ್ತಿದ್ದ ಕೆಸರಿನ ಗೆರೆ ಮಾಯ. ಶಾಲೆ ಚೆಂದ ಕಾಣಲಿ, ಬೇಡ ಅನ್ನಲ್ಲ. ಆದರೆ ಅದೇ ಎತ್ತರಕ್ಕೆ ಒಂದು ಕೆಂಪು ಗೆರೆ ಎಳೆದು ಇಸವಿ ಬರೆಯೋಕೆ ಎಷ್ಟು ಹೊತ್ತು ಬೇಕಿತ್ತು?

ದಂಡೆಯ ಊರುಗಳಿಗೆ ಪ್ರತಿ ಸಲ ಬರುವ ಎಚ್ಚರಿಕೆ ಒಂದೇ ಥರ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ಇಷ್ಟು ಕ್ಯೂಸೆಕ್ ನೀರು, ಸೊನ್ನ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್, ಹುಷಾರಾಗಿರಿ. 2025ರ ಸೆಪ್ಟೆಂಬರ್‌ನಲ್ಲಿ ಡಂಗೂರ ಕೇಳಿ ಕಾಕಾ ಫೋನ್ ಮಾಡಿದ್ದರು. “ಲಕ್ಷಗಟ್ಟಲೆ ಅಂತಾರಲ್ಲ ತಮ್ಮಾ, ನೀರು ನಮ್ಮ ಮನಿ ತನಕ ಬರ್ತದೋ ಇಲ್ಲೋ, ಅಷ್ಟು ಹೇಳು.” ನನಗೆ ಗೊತ್ತಿರಲಿಲ್ಲ. ಡಂಗೂರ ಹೊಡೆದವನಿಗೂ ಗೊತ್ತಿರಲಿಲ್ಲ. ಆ ರಾತ್ರಿ ನಾನು ಮಲಗಲಿಲ್ಲ.

ಉಜನಿಯ ಅಂಕಿಯೊಂದೇ ಹಿಡಿದು ಕೂತರೆ ಆಗಲ್ಲ. ವೀರ್ ಅಣೆಕಟ್ಟಿನ ನೀರು ನೀರಾ ನದಿಯಲ್ಲಿ ಬಂದು ಉಜನಿಯ ಕೆಳಗೆ ಭೀಮೆಗೆ ಸೇರುತ್ತದೆ. ಸೀನಾ ನದಿ ಸೇರೋದು ಇನ್ನೂ ಕೆಳಗೆ, ನಮ್ಮ ಗಡಿ ಹತ್ತಿರ. ಗಾಣಗಾಪುರದ ಸಂಗಮದಲ್ಲಿ ಅಮರ್ಜಾ. ಭೀಮೆ ತುಂಬಿ ನಿಂತರೆ ಊರ ಹಳ್ಳದ ನೀರು ಹೊಳೆಗೆ ಇಳಿಯದೆ ಹಿಂದಕ್ಕೆ ಒತ್ತುತ್ತದೆ. ಮನೆಗೆ ನೀರು ಬರೋ ಮೊದಲೇ ರಸ್ತೆ ಮುಳುಗಿರುತ್ತದೆ. ಆಗ ಹೊರಡಿ ಅಂದರೆ ಎಲ್ಲಿಂದ ಹೊರಡೋದು? ಅದಕ್ಕೇ ಹಳ್ಳದ ಸೇತುವೆಗೂ ಗೆರೆ ಬೇಕು. ಗುಡಿಯ ಮೆಟ್ಟಿಲಿಗೆ ಬೇಕು, ಅಂಗನವಾಡಿ ಗೋಡೆಗೂ ಬೇಕು.

ಪ್ರವಾಹ ಪ್ರತಿ ಸಲ ಬೇರೆ ಥರ ಬರುತ್ತದೆ, ಹಳೇ ಗೆರೆ ನಂಬಿ ಮೋಸ ಹೋಗ್ತಾರೆ ಅಂತ ಗೆಳೆಯರೊಬ್ಬರು ವಾದಿಸಿದರು. ಹೌದು, ಬೇರೆ ಥರ ಬರುತ್ತದೆ. ಹಾಗಂತ ಏನೂ ಇಲ್ಲದೆ ಕತ್ತಲಲ್ಲಿ ಕೂರೋದು ವಾಸಿಯಾ? ದೇವಣಗಾಂವ್ ಸೇತುವೆ ಹತ್ತಿರ ಕೇಂದ್ರ ಜಲ ಆಯೋಗ ನೀರಿನ ಮಟ್ಟ ಅಳೆಯುತ್ತದೆ. ಅಲ್ಲಿ ಇಷ್ಟಿದ್ದಾಗ ನಮ್ಮೂರ ಯಾವ ಓಣಿಗೆ ನೀರು ಬಂದಿತ್ತು ಅಂತ ವಯಸ್ಸಾದವರನ್ನು ಕೇಳಿ ಬರೆದಿಟ್ಟರೆ ಸಾಕು. ಮೇಲಿಂದ ಬಿಟ್ಟ ನೀರು ಇಲ್ಲಿಗೆ ಮುಟ್ಟೋಕೆ ಸಾಕಷ್ಟು ಹೊತ್ತು ಬೇಕು. ಆ ಹೊತ್ತನ್ನು ನಾವು ಸುಮ್ನೆ ಕಳೀತಿದ್ದೇವೆ.

ಇನ್ನೊಂದು ಮಾತು. ಜನ ಹಟ ಮಾಡ್ತಾರೆ, ಕಾಳಜಿ ಕೇಂದ್ರಕ್ಕೆ ಬರಲ್ಲ ಅಂತಾರೆ. ಎಮ್ಮೆ ಬಿಟ್ಟು ಯಾರು ಬರ್ತಾರೆ? ನಮ್ಮವ್ವನೂ ಬರಲ್ಲ. ದನ ಎಲ್ಲಿ ಕಟ್ಟೋದು, ಮೇವು ಯಾರು ತರೋದು, ನಡೆಯೋಕಾಗದವರನ್ನು ಯಾರ ಟ್ರ್ಯಾಕ್ಟರ್‌ನಲ್ಲಿ ಕರೆದೊಯ್ಯೋದು ಅಂತ ಈ ಬಿಸಿಲಲ್ಲೇ, ಭೀಮೆಯಲ್ಲಿ ಮರಳು ಕಾಣುವಾಗಲೇ ತೀರ್ಮಾನ ಆಗಬೇಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನೆಲ್ಲ ಕೇಳ್ತೀನಿ. ಊರಲ್ಲಿರೋರು ದಯವಿಟ್ಟು ಬನ್ನಿ. ಪೇಂಟ್ ಖರ್ಚು ನನ್ನದು.