ಸತ್ಯಾಂಶ: ಒದ್ದೆ ಮೊಬೈಲ್‌ಗೆ ಅಕ್ಕಿ ಮದ್ದಲ್ಲ

‘ನೀರಿಗೆ ಬಿದ್ದ ಮೊಬೈಲನ್ನು ರಾತ್ರಿಯಿಡೀ ಅಕ್ಕಿಯಲ್ಲಿ ಹೂತಿಡಿ, ಸರಿಹೋಗುತ್ತದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶವನ್ನು ದಯವಿಟ್ಟು ನಂಬಬೇಡಿ. ಭತ್ತದ ಕಣಜವಾದ ನಮ್ಮ ಗಂಗಾವತಿಯಲ್ಲಿ ಅಕ್ಕಿಗೇನೂ ಬರವಿಲ್ಲ; ಆದರೆ ಫೋನಿನೊಳಗೆ ಸೇರಿದ ನೀರನ್ನು ಅದು ಎಳೆದು ತೆಗೆಯಲಾರದು. ಬದಲಿಗೆ ಅಕ್ಕಿಯ ಹಿಟ್ಟು, ನುಚ್ಚು ಚಾರ್ಜಿಂಗ್ ಕಿಂಡಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಐಫೋನನ್ನು ಅಕ್ಕಿಯಲ್ಲಿಡಬೇಡಿ ಎಂದು ಆ್ಯಪಲ್ ಕಂಪನಿಯೇ ಹೇಳಿದೆ.

ಆ ಒಂದು ರಾತ್ರಿಯಲ್ಲೇ ಹಾನಿಯಾಗುವುದು. ನೀರಿನಲ್ಲಿ ಲವಣವಿರುತ್ತದೆ, ವಿದ್ಯುತ್ ಹರಿದರೆ ಫೋನಿನೊಳಗಿನ ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಕಾಲುವೆ ನೀರಾದರೆ ಕೆಸರೂ ಒಳಗೆ ಉಳಿಯುತ್ತದೆ.

ತಕ್ಷಣ ಆಫ್ ಮಾಡಿ, ಸಿಮ್ ತೆಗೆದು, ಕಿಂಡಿಯನ್ನು ಕೆಳಮುಖ ಮಾಡಿ ಅಂಗೈಗೆ ಮೆಲ್ಲನೆ ತಟ್ಟಿ, ಫ್ಯಾನಿನ ಗಾಳಿಗಿಡಿ. ಹೇರ್ ಡ್ರೈಯರ್ ಬೇಡ. ಚಾರ್ಜಿಗಂತೂ ಹಾಕಲೇಬೇಡಿ. ಒಳಗೆ ನೀರು ಹೋಗಿರುವ ಅನುಮಾನವಿದ್ದರೆ ಅಂದೇ ರಿಪೇರಿ ಅಂಗಡಿಯಲ್ಲಿ ಬಿಚ್ಚಿಸಿ, ಬೋರ್ಡ್ ಸ್ವಚ್ಛ ಮಾಡಿಸಿ.